ಜನವರಿಯಲ್ಲಿ ಕಾಣೆಯಾಗುವ ಪಿ.ಟಿ. ಪೀರಿಯಡ್

ಕ್ರಿಸ್‌ಮಸ್ ಕಳೆಯಿತೆಂದರೆ ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಪಿ.ಟಿ. ಪೀರಿಯಡ್‌ಗೆ. ಕಾಗದದಲ್ಲೇನೋ ಇರುತ್ತದೆ. ಆದರೆ ಹತ್ತನೇ ತರಗತಿಯ ಬಾಗಿಲಲ್ಲಿ ಗಣಿತದ ಮೇಷ್ಟ್ರು ನಿಂತಿರುತ್ತಾರೆ: "ಸರ್, ಇವತ್ತೊಂದಿನ ಬಿಟ್ಕೊಡಿ, ಪೋರ್ಷನ್ ಮುಗಿದಿಲ್ಲ." ಆ ಒಂದಿನ ಪರೀಕ್ಷೆಯವರೆಗೂ ಎಳೆಯುತ್ತದೆ. ಬೆಳಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ನಡುವೆ ಪೂರ್ವಸಿದ್ಧತಾ ಪರೀಕ್ಷೆ. 2019ರಲ್ಲಿ ನಮ್ಮ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದ ಮೇಲಂತೂ ಈ ಒತ್ತಡ ಇಳಿದಿದ್ದೇ ಇಲ್ಲ. ಗಣಿತದ ಮೇಷ್ಟ್ರ ಕಷ್ಟ ನನಗೆ ಅರ್ಥವಾಗುತ್ತದೆ. ಅವರ ಲೆಕ್ಕ ಮಾತ್ರ ನನಗೆ ಒಪ್ಪಿಗೆಯಿಲ್ಲ.

ನಲವತ್ತು ನಿಮಿಷ ಹೆಚ್ಚು ಕೂರಿಸಿದರೆ ನಲವತ್ತು ನಿಮಿಷ ಹೆಚ್ಚು ಕಲಿಯುತ್ತಾರೆ ಎಂಬುದು ಆ ಲೆಕ್ಕ. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಟ್ರುವಾ ರಿವಿಯೇರ್ ಭಾಗದಲ್ಲಿ ಇದನ್ನು ತಿರುವು ಮುರುವು ಮಾಡಿ ನೋಡಿದರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಾರಕ್ಕೆ ಐದು ಗಂಟೆ ಹೆಚ್ಚುವರಿ ದೈಹಿಕ ಶಿಕ್ಷಣ ಕೊಟ್ಟರು, ಆ ಸಮಯವನ್ನು ಪಾಠದಿಂದಲೇ ಕಿತ್ತರು. ಅಂಕ ಕುಸಿಯಲಿಲ್ಲ. ಬಹುಪಾಲು ಕಡೆ ಒಂದಿಷ್ಟು ಮೇಲೇ ಇತ್ತು.

ಕಾರಣ ಏನಿರಬಹುದೆಂಬುದರ ಒಂದು ಎಳೆ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಗುತ್ತದೆ. ಒಂಬತ್ತು ಹತ್ತು ವರ್ಷದ ಇಪ್ಪತ್ತು ಮಕ್ಕಳು. ಒಂದು ದಿನ ಸುಮ್ಮನೆ ಕೂತಿದ್ದು ಪರೀಕ್ಷೆ, ಇನ್ನೊಂದು ದಿನ ಟ್ರೆಡ್‌ಮಿಲ್ ಮೇಲೆ 20 ನಿಮಿಷ ಬಿರುಸಾಗಿ ನಡೆದು, ಎದೆಬಡಿತ ಹತೋಟಿಗೆ ಬಂದ ಮೇಲೆ ಪರೀಕ್ಷೆ. ನಡೆದ ದಿನ ಗಮನ ಹಿಡಿದಿಡುವ ಕೆಲಸದಲ್ಲಿ ತಪ್ಪು ಕಡಿಮೆ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಅಂಕ ಹೆಚ್ಚು. ಓಡಿಯೂ ಇಲ್ಲ, ಕೇವಲ ನಡಿಗೆ! 2014ರಲ್ಲಿ ಅದೇ ತಂಡ 221 ಮಕ್ಕಳ ಮೇಲೆ ಒಂಬತ್ತು ತಿಂಗಳ ಅಧ್ಯಯನ ಪ್ರಕಟಿಸಿತು. ಶಾಲೆ ಬಿಟ್ಟ ಮೇಲೆ ಆಟ ಆಡಿದ ಮಕ್ಕಳಲ್ಲಿ ಗಮನದ ಹಿಡಿತ ಸುಧಾರಿಸಿತ್ತು, ಹೆಚ್ಚು ದಿನ ಹಾಜರಾದವರಲ್ಲಿ ಸುಧಾರಣೆಯೂ ಹೆಚ್ಚಿತ್ತು. ತಪ್ಪಿಸದೆ ಬರುವುದರಲ್ಲಿ ಲಾಭ. ಜನವರಿಯಿಂದ ಮಾರ್ಚ್‌ವರೆಗೆ ನಿಲ್ಲಿಸಿಬಿಟ್ಟರೆ ಏನಾಗಬಹುದೆಂದು ಬಿಡಿಸಿ ಹೇಳಬೇಕೆ?

ಹಾಗಂತ ಅತಿಯಾಗಿ ಹೇಳಬಾರದು. ಓಡಿದರೆ ವರ್ಗ ಸಮೀಕರಣ ಬರುವುದಿಲ್ಲ. ದೇಹ ಗಟ್ಟಿಯಿರುವ ಮಕ್ಕಳಿಗೆ ಅಂಕವೂ ಹೆಚ್ಚು ಎಂದು ತೋರಿಸುವ ಸಮೀಕ್ಷೆಗಳು ಬೇಕಾದಷ್ಟಿವೆ. ಆದರೆ ಉಳ್ಳವರ ಮನೆಯ ಮಗುವಿಗೆ ಒಳ್ಳೆಯ ಊಟವೂ ಸಿಗುತ್ತದೆ, ಟ್ಯೂಷನ್ನೂ ಸಿಗುತ್ತದೆ. ಯಾವುದರಿಂದ ಯಾವುದು ಬಂತೆಂದು ಅಂಥ ಸಮೀಕ್ಷೆ ಹೇಳಲಾರದು. ಗಮನದ ಮೇಲಿನ ಪರಿಣಾಮಕ್ಕೆ ಪುರಾವೆ ಗಟ್ಟಿ, ಅಂಕದ ಮೇಲಿನದಕ್ಕೆ ತೆಳು.

ಇನ್ನೊಂದು ವಿಷಯ ಪೋಷಕರಿಗಿಂತ ನಮ್ಮ ದೈಹಿಕ ಶಿಕ್ಷಕರಿಗೇ ಹೇಳಬೇಕಾದ್ದು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಹನ್ನೆರಡು ಮಕ್ಕಳ ಕಬಡ್ಡಿ ತಂಡ ಹಿಡಿದು ಓಡಾಡುವುದೇ ನಮ್ಮ ಕಸುಬಾಗಿಬಿಟ್ಟಿದೆ. ಗೆದ್ದು ತಂದ ಕಪ್ ಮುಖ್ಯಶಿಕ್ಷಕರ ಕೊಠಡಿಯ ಬೀರುವಿನ ಮೇಲೆ ಕೂರುತ್ತದೆ. ಉಳಿದ ಮಕ್ಕಳು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಮೇಲೆ ಹೇಳಿದ ಲಾಭವೆಲ್ಲ ಸಿಗಬೇಕಾದ್ದು ಈ ಚಪ್ಪಾಳೆ ತಟ್ಟುವವರಿಗೆ. ತಂಡದಲ್ಲಿರುವವರು ಹೇಗೂ ಓಡುತ್ತಾರೆ.

ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲಿ 600 ಮೀಟರ್ ಓಟ ಇದೆ. 200 ಮೀಟರ್ ಟ್ರ್ಯಾಕ್‌ಗೆ ಸುಣ್ಣ ಹಾಕಿದರೆ ಮೂರು ಸುತ್ತು. ಮೊದಲ ಸುತ್ತಿನಲ್ಲಿ ಎಲ್ಲರೂ ಜಿಂಕೆಗಳೇ. ಎರಡನೇ ಸುತ್ತಿನ ತಿರುವಿಗೆ ಬರುವಷ್ಟರಲ್ಲಿ ಸಾಲು ಹರಿದುಹೋಗುತ್ತದೆ. ಸೊಂಟಕ್ಕೆ ಕೈಯಿಟ್ಟು ನಿಲ್ಲುವವರಲ್ಲಿ ಎಂಟು ಒಂಬತ್ತನೇ ತರಗತಿಯ ಹೆಣ್ಣುಮಕ್ಕಳೇ ಜಾಸ್ತಿ. "ಸೋಮಾರಿ" ಅನ್ನುವ ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಬಿಳಚಿಕೊಂಡಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಮಾಡಿಸಬೇಕು. ಈ ವಯಸ್ಸಿನ ಹುಡುಗಿಯರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಎರಡನೇ ಸುತ್ತಿನಲ್ಲಿ ನಿಂತ ಹುಡುಗಿ ಮಧ್ಯಾಹ್ನದ ವಿಜ್ಞಾನ ತರಗತಿಯಲ್ಲಿ ತೂಕಡಿಸುವುದಕ್ಕೂ ಅದೇ ಕಾರಣವಿರಬಹುದು.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. "ವಾಂತಿ ಬರುತ್ತೆ ಸರ್" ಎಂದು ಜೇಬಿಗಿಳಿಸುವವರಿದ್ದಾರೆ. ಬಿಸಿಯೂಟ ಆದ ಮೇಲೆ ಎದುರಿಗೇ ನುಂಗಿಸಬೇಕು. ಕಾಫಿ ಸೀಮೆಯಲ್ಲಿ ಹೇಳಲು ಮುಜುಗರದ ಮಾತೊಂದಿದೆ. ಬೆಳಗ್ಗೆ ಅಕ್ಕಿರೊಟ್ಟಿ ಜೊತೆ ಲೋಟ ತುಂಬ ಕಾಫಿ ಕುಡಿದರೆ ಊಟದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಟೀ ಅದಕ್ಕಿಂತ ಕೆಟ್ಟದ್ದು. ಬಿಡಿ ಅನ್ನುತ್ತಿಲ್ಲ, ತಿಂಡಿಯಾಗಿ ಒಂದು ಗಂಟೆ ಕಳೆಯಲಿ.

ಮಳೆಗಾಲದ ನೆಪ ನಮ್ಮ ಕಡೆ ದೊಡ್ಡದು. ಸಕಲೇಶಪುರದಲ್ಲಿ ಜೂನ್ ಹಿಡಿದರೆ ಮೈದಾನ ಕೆಸರುಗದ್ದೆ. ಅರಸೀಕೆರೆಯ ಮೇಷ್ಟ್ರುಗಳಿಗೆ ಬಿಸಿಲಿನ ತಾಪತ್ರಯ, ನಮಗೆ ಇದು. ಜಗುಲಿಯಲ್ಲಿ ಹಗ್ಗದಾಟ, ಕುಂಟಬಿಲ್ಲೆ, ಎರಡು ಕಂಬದ ನಡುವೆ ಹೋಗಿ ಬರುವ ಓಟ, ಇಷ್ಟು ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಏದುಸಿರು ಬಂದರೆ ಮಧ್ಯಮ ಶ್ರಮ ಆಯಿತೆಂದು ಲೆಕ್ಕ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಇಂಥ ಶ್ರಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಏರು ಹತ್ತಿ ನಡೆದು ಬರುವ ಮಗುವಿಗೆ ಅದರಲ್ಲಿ ಅರ್ಧದಷ್ಟು ದಾರಿಯಲ್ಲೇ ಸಿಕ್ಕಿಬಿಡುತ್ತದೆ. ಗೇಟಿಗೆ ವ್ಯಾನ್ ಬರುವ ಪೇಟೆಯ ಮಗುವಿಗೆ ಎಲ್ಲಿಂದ ಸಿಗಬೇಕು?

ಮಳೆ ಬಿಟ್ಟ ಮೇಲೆ ಒಂದೇ ಆಟ ಆರಿಸಿ ಎಂದರೆ ನಾನು ಖೊ-ಖೊ ಅನ್ನುತ್ತೇನೆ. ಬೆನ್ನಟ್ಟುವವರು ಒಮ್ಮೆ ಹಿಡಿದ ದಿಕ್ಕು ಬದಲಿಸುವಂತಿಲ್ಲ, ಕೂತವರ ಸಾಲಿನ ನಡುವೆ ನುಗ್ಗುವಂತಿಲ್ಲ, ಕಂಬ ಸುತ್ತಿಯೇ ಬರಬೇಕು. ಎದುರಾಳಿ ಕೈಗೆಟಕುವಂತೆ ಕಂಡರೂ ಹಿಂದಕ್ಕೆ ತಿರುಗದೆ, ಯಾರಿಗೆ 'ಖೊ' ಕೊಡಬೇಕೆಂದು ಓಡುತ್ತಲೇ ಯೋಚಿಸಬೇಕು. ಆಸೆ ತಡೆದು ನಿಯಮ ನೆನಪಿಟ್ಟುಕೊಳ್ಳುವ ಇದೇ ಕೆಲಸವನ್ನು ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆಯೂ ಕೇಳುತ್ತದೆ. ಖರ್ಚು? ಎರಡು ಕಂಬ.

ಹೋಂವರ್ಕ್ ತಂದಿಲ್ಲವೆಂದು ಮೈದಾನ ಸುತ್ತಿಸುವುದು, ಗಲಾಟೆ ಮಾಡಿದರೆಂದು ಪಿ.ಟಿ. ಕಿತ್ತುಕೊಳ್ಳುವುದು, ಎರಡೂ ನಿಲ್ಲಬೇಕು. ಮೊದಲನೆಯದರಿಂದ ಓಟವೇ ಶಿಕ್ಷೆಯೆಂದು ಮನಸ್ಸಲ್ಲಿ ಕೂರುತ್ತದೆ. ಎರಡನೆಯದರಲ್ಲಿ, ಯಾರಿಗೆ ಆಟ ಎಲ್ಲರಿಗಿಂತ ಹೆಚ್ಚು ಬೇಕೋ ಆ ತುಂಟನಿಗೇ ತಪ್ಪಿಹೋಗುತ್ತದೆ.

ಮುಖ್ಯಶಿಕ್ಷಕರಲ್ಲಿ ನಾನು ಹೊಸ ಪೀರಿಯಡ್ ಕೇಳುತ್ತಿಲ್ಲ. ಇರುವ ಪಿ.ಟಿ.ಯನ್ನು ದಿನದ ಕೊನೆಯಿಂದ ಎತ್ತಿ ಹತ್ತನೇ ತರಗತಿಯ ಗಣಿತಕ್ಕೆ ಮುಂಚೆ ಹಾಕಿ. ಇಪ್ಪತ್ತೈದು ನಿಮಿಷ ಓಡಾಟ, ಆಮೇಲೆ ನೀರು, ಮುಖ ತೊಳೆಯಲು ನಲ್ಲಿ, ಉಸಿರು ಇಳಿಯಲು ಹತ್ತು ನಿಮಿಷ. ಡಿಸೆಂಬರ್‌ನಲ್ಲಿ ಒಂದು ಸೆಕ್ಷನ್‌ಗೆ ಮಾಡಿ ನೋಡಿ, ತರಗತಿ ಹೇಗಿತ್ತೆಂದು ಗಣಿತದ ಮೇಷ್ಟ್ರನ್ನೇ ಕೇಳಿ. ಪೀರಿಯಡ್ ಬಿಟ್ಟುಕೊಡುವ ಮಾತು ಆಮೇಲೆ ಆಡೋಣ.