ಮೈಎಸ್‌ಕ್ಯುಎಲ್ ತೆಗೆದು ಮತ್ತೆ ಹಾಕಿದರೂ ಅದೇ ಎರರ್ ಯಾಕೆ?

ಉಬುಂಟು ಡೆಸ್ಕ್‌ಟಾಪಿನಲ್ಲಿ ಮೈಎಸ್‌ಕ್ಯುಎಲ್ 8.0 ಡೇಟಾಬೇಸ್ ಸರ್ವರ್ ಕೈಕೊಟ್ಟರೆ ಮೊದಲು ಹೊಳೆಯುವುದು, ತೆಗೆದು ಮತ್ತೆ ಹಾಕೋಣ ಅಂತ. ಹಾಕಿದ ಮೇಲೂ ಎರರ್ ಹೋಗುವುದಿಲ್ಲ. ಪ್ರೋಗ್ರಾಂ ಹಾಕುವ, ತೆಗೆಯುವ ಕಮಾಂಡ್ ಆಪ್ಟ್; ಅದರ ರಿಮೂವ್ ತೆಗೆಯುವುದು ಪ್ರೋಗ್ರಾಮನ್ನು ಮಾತ್ರ. ಡೇಟಾ, ಕಾನ್ಫಿಗ್ (ಸೆಟ್ಟಿಂಗ್ ಫೈಲುಗಳು) ಎರಡೂ ಇದ್ದಲ್ಲೇ ಇರುತ್ತವೆ. ಹಳೆಯ ತೊಂದರೆ ಇರುವುದೂ ಸಾಮಾನ್ಯವಾಗಿ ಅಲ್ಲೇ.

ಡೇಟಾ

ಇದು /ವಾರ್/ಲಿಬ್/ಮೈಎಸ್‌ಕ್ಯುಎಲ್ ಫೋಲ್ಡರಿನಲ್ಲಿದೆ. ಯೂಸರ್‌ಗಳೂ ಪಾಸ್‌ವರ್ಡ್‌ಗಳೂ ಇದರೊಳಗೇ ಇವೆ. ಹಾಗಾಗಿ ಪಾಸ್‌ವರ್ಡ್ ಮರೆತು ಸರ್ವರ್ ಮರು-ಇನ್‌ಸ್ಟಾಲ್ ಮಾಡಿದರೆ, ಹೊಸ ಸರ್ವರ್ರೂ ಹಳೇ ಪಾಸ್‌ವರ್ಡನ್ನೇ ಕೇಳುತ್ತದೆ. ಸರ್ವರ್ ನಿಲ್ಲಿಸಿ ಫೋಲ್ಡರಿನ ಹೆಸರು ಬದಲಿಸಿಡಿ. ದಯವಿಟ್ಟು ಅಳಿಸಬೇಡಿ. ಮುಂದೆ ಅದನ್ನು ವಾಪಸ್ ತಂದರೆ ಫೈಲಿನ ಒಡೆತನ ಬದಲಿಸುವ ಚೌನ್ ಕಮಾಂಡ್ ಕೊಟ್ಟು ಒಳಗಿನದೆಲ್ಲ ಮೈಎಸ್‌ಕ್ಯುಎಲ್ ಯೂಸರ್ ಹೆಸರಿಗೆ ಮಾಡಿ.

ಕಾನ್ಫಿಗ್: ತಲೆ ಕೆಡಿಸುವ ಜಾಗ

ಇಲ್ಲಿ ನಿಧಾನವಾಗಿ ಓದಿ. ಪೂರ್ತಿ ಕ್ಲೀನ್ ಆಗಲಿ ಅಂತ ಹಲವರು ಕಾನ್ಫಿಗ್ ಇರುವ /ಇಟಿಸಿ/ಮೈಎಸ್‌ಕ್ಯುಎಲ್ ಫೋಲ್ಡರನ್ನು ಕೈಯಾರೆ ಅಳಿಸುತ್ತಾರೆ. ಮತ್ತೆ ಇನ್‌ಸ್ಟಾಲ್ ಮಾಡಿದರೆ ಹೊಸ ಕಾನ್ಫಿಗ್ ಬರಬೇಕು ಅಲ್ವಾ? ಬರುವುದಿಲ್ಲ! ಮೈಎಸ್‌ಕ್ಯುಎಲ್.ಸಿಎನ್‌ಎಫ್ ಫೈಲ್ ಇಲ್ಲ ಎಂದು ಇನ್‌ಸ್ಟಾಲ್ ನಡುವೆ ಓಡುವ ಅಪ್‌ಡೇಟ್-ಆಲ್ಟರ್‌ನೇಟಿವ್ಸ್ ಎಂಬ ಕಮಾಂಡ್ ಎರರ್ ಕೊಟ್ಟು ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲುತ್ತದೆ.

ಯಾಕೆ ಹೀಗೆ? ಯಾವ ಪ್ಯಾಕೇಜಿಗೆ ಯಾವ ಕಾನ್ಫಿಗ್ ಫೈಲ್ ಸೇರಿದ್ದು ಎಂಬ ಲೆಕ್ಕವನ್ನು ಡಿಪಿಕೆಜಿ (ಆಪ್ಟ್‌ನ ಹಿಂದೆ ನಿಂತು ಪ್ಯಾಕೇಜ್ ಹಾಕುವ ಪ್ರೋಗ್ರಾಂ) ಇಟ್ಟುಕೊಂಡಿರುತ್ತದೆ. ರಿಮೂವ್ ಮಾಡಿದರೂ ಆ ಲೆಕ್ಕ ಉಳಿಯುತ್ತದೆ. ಲೆಕ್ಕದಲ್ಲಿ ಇದ್ದು ಡಿಸ್ಕಿನಲ್ಲಿ ಇಲ್ಲದ ಫೈಲ್ ಕಂಡರೆ, ಬಳಕೆದಾರರು ಬೇಕೆಂದೇ ತೆಗೆದಿದ್ದಾರೆ ಎಂದು ಅದು ತಿಳಿಯುತ್ತದೆ. ನಿಮ್ಮ ತೀರ್ಮಾನವನ್ನು ಗೌರವಿಸಿ ಫೈಲನ್ನು ಮತ್ತೆ ಇಡುವುದಿಲ್ಲ. ಎಷ್ಟು ಸಲ ರೀಇನ್‌ಸ್ಟಾಲ್ ಕೊಟ್ಟರೂ ಇಷ್ಟೇ.

ರಿಮೂವ್ ಬದಲು ಆಪ್ಟ್ ಪರ್ಜ್, ಅಂದರೆ ಕಾನ್ಫಿಗ್ ಸಮೇತ ತೆಗೆಯುವ ಕಮಾಂಡ್ ಕೊಟ್ಟರೆ ಆ ಲೆಕ್ಕವೂ ಅಳಿಯುತ್ತದೆ. ಆಮೇಲೆ ಹಾಕಿದರೆ ಎಲ್ಲ ಫೈಲುಗಳೂ ಹೊಸದಾಗಿ ಬರುತ್ತವೆ. ಆದರೆ ಪರ್ಜ್ ಮಾಡುವಾಗ ಹೆಸರು ಸರಿಯಾಗಿರಬೇಕು. ಮೈಎಸ್‌ಕ್ಯುಎಲ್-ಸರ್ವರ್ ಎಂಬುದು ಬರೀ ಮೆಟಾಪ್ಯಾಕೇಜ್ (ಬೇರೆ ಪ್ಯಾಕೇಜುಗಳನ್ನು ಎಳೆದು ತರುವ ಖಾಲಿ ಪ್ಯಾಕೇಜ್), ಅಸಲಿ ಸರಕು ಮೈಎಸ್‌ಕ್ಯುಎಲ್-ಸರ್ವರ್-8.0 ಮತ್ತು ಮೈಎಸ್‌ಕ್ಯುಎಲ್-ಕಾಮನ್‌ನಲ್ಲಿದೆ. ಏನೇನು ಉಳಿದಿದೆ ಅಂತ ನೋಡಲು ನನಗೆ ತುಂಬಾ ಇಷ್ಟವಾದ ದಾರಿ ಇದು: ಡಿಪಿಕೆಜಿ -ಎಲ್ (ಸಣ್ಣಕ್ಷರದ ಎಲ್) ಕೊಟ್ಟು, ಸಾಲು ಹುಡುಕುವ ಗ್ರೆಪ್‌ನಿಂದ ಮೈಎಸ್‌ಕ್ಯುಎಲ್ ಸಾಲುಗಳನ್ನು ಮಾತ್ರ ಆರಿಸಿ. ಸಾಲಿನ ಮೊದಲ ಎರಡು ಅಕ್ಷರ ನೋಡಿ. ಐಐ ಇದ್ದರೆ ಪ್ಯಾಕೇಜ್ ಇನ್ನೂ ಇದೆ. ಆರ್‌ಸಿ ಇದ್ದರೆ ಪ್ರೋಗ್ರಾಂ ಹೋಗಿದೆ, ಕಾನ್ಫಿಗ್ ಲೆಕ್ಕ ಮಾತ್ರ ಉಳಿದಿದೆ. ಈ ಆರ್‌ಸಿ ಸಾಲುಗಳೇ ಕಣ್ಣಿಗೆ ಬೀಳದೆ ಉಳಿದುಬಿಡುವುದು.

ಡೆಸ್ಕ್‌ಟಾಪಿನಲ್ಲಿ ಇನ್ನೊಂದು ಎಚ್ಚರಿಕೆ. ಮೈಎಸ್‌ಕ್ಯುಎಲ್-ಕಾಮನ್ ಮೇಲೆ ಬೇರೆ ಪ್ರೋಗ್ರಾಮುಗಳೂ ನಿಂತಿರುತ್ತವೆ. ಅದನ್ನು ಪರ್ಜ್ ಮಾಡಿದರೆ ಅವೂ ಜೊತೆಗೆ ಹೊರಟುಬಿಡಬಹುದು. ಸುಮ್ನೆ ವೈ ಒತ್ತದೆ ಆಪ್ಟ್ ತೋರಿಸುವ ಪಟ್ಟಿ ಓದಿ. ಪಟ್ಟಿ ಉದ್ದವಿದ್ದರೆ ಪರ್ಜ್ ಬಿಡಿ. ಆಪ್ಟ್‌ನ ರೀಇನ್‌ಸ್ಟಾಲ್ ಜೊತೆಗೆ ಡಿಪಿಕೆಜಿಗೆ ಫೋರ್ಸ್-ಕಾನ್ಫ್‌ಮಿಸ್ ಆಪ್ಷನ್ ಕೊಡಿ. ಕಾಣೆಯಾದ ಕಾನ್ಫಿಗ್ ಫೈಲುಗಳನ್ನು ಮಾತ್ರ ಅದು ವಾಪಸ್ ಇಡುತ್ತದೆ.

ಹಾಕಿದ ಮೇಲೆ

ಎರರ್ 2002 (ಸರ್ವರ್ ಸಂಪರ್ಕ ಸಿಗಲಿಲ್ಲ) ಬಂದರೆ, ಅದರಲ್ಲಿ ಹೆಸರಿಸಿದ ಸಾಕೆಟ್ ಫೈಲ್ ಹುಡುಕುತ್ತಾ ಕೂರಬೇಡಿ. ಹೆಚ್ಚಿನ ಸಲ ಸರ್ವರ್ರೇ ಓಡುತ್ತಿರುವುದಿಲ್ಲ. ಸರ್ವರ್ ಓಡುತ್ತಿದೆಯಾ ಎಂದು ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕೊಟ್ಟು ನೋಡಿ, ನಂತರ /ವಾರ್/ಲಾಗ್/ಮೈಎಸ್‌ಕ್ಯುಎಲ್ ಒಳಗಿನ ಎರರ್ ಲಾಗಿನ ಕೊನೆಯ ಸಾಲುಗಳನ್ನು ಓದಿ. 3306 ಪೋರ್ಟ್ ಬೇರೆ ಯಾವುದೋ ಸರ್ವರ್ ಹಿಡಿದುಕೊಂಡಿದ್ದರೂ ಅಲ್ಲೇ ಗೊತ್ತಾಗುತ್ತದೆ.

ಡೇಟಾ ಫೋಲ್ಡರನ್ನು ಬೇರೆ ಡಿಸ್ಕಿಗೆ ಸರಿಸಿದ್ದೀರಾ? ಪರ್ಮಿಷನ್ ಸರಿ ಇದ್ದರೂ ಪರ್ಮಿಷನ್ ಡಿನೈಡ್ ಅಂದರೆ ಆಪ್‌ಆರ್ಮರ್ (ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಎಂದು ಕಾಯುವ ಉಬುಂಟುವಿನ ಕಾವಲು) ತಡೆಯುತ್ತಿರಬಹುದು. ಅದರ ಪ್ರೊಫೈಲಿಗೆ ಹೊಸ ಜಾಗ ಸೇರಿಸಬೇಕು.

ರೂಟ್ (ಮುಖ್ಯ ಯೂಸರ್) ಆಗಿ ಒಳಹೋಗುವಾಗ ಎರರ್ 1698, ಅಂದರೆ ಪ್ರವೇಶ ಇಲ್ಲ ಎಂದು ಬಂದರೆ ಗಾಬರಿ ಬೇಡ, ಸರ್ವರ್ ಚೆನ್ನಾಗೇ ಇದೆ. ಉಬುಂಟುವಿನಲ್ಲಿ ಹೊಸ ಇನ್‌ಸ್ಟಾಲ್ ಆದಾಗ ಮೈಎಸ್‌ಕ್ಯುಎಲ್‌ನ ರೂಟ್‌ಗೆ ಪಾಸ್‌ವರ್ಡ್ ಇರುವುದಿಲ್ಲ. ಲಿನಕ್ಸಿನ ರೂಟ್ ಆಗಿ ಬಂದವರನ್ನು ಮಾತ್ರ ಒಳಗೆ ಬಿಡುತ್ತದೆ. ಕಮಾಂಡನ್ನು ರೂಟ್ ಆಗಿ ಓಡಿಸುವ ಸುಡೋ ಸೇರಿಸಿ, ಸುಡೋ ಮೈಎಸ್‌ಕ್ಯುಎಲ್ ಎಂದು ಕೊಟ್ಟರೆ ಆಯಿತು.