ಒಂದೇ ಎಲೆಯಲ್ಲಿ ಬಡಿಸಿದ್ದೆಲ್ಲ ಒಂದೇ ಅಡುಗೆಯಲ್ಲ

ಒಂದು ಮಳೆಗಾಲ ಉಡುಪಿಯ ಕುಂಜಿಬೆಟ್ಟಿನಲ್ಲಿ ಅಕ್ಕನ ಮಗನ ಹಳೆಯ ಲ್ಯಾಪ್‌ಟಾಪಿಗೆ, ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಹಾಕುತ್ತಿದ್ದೆ. ಎಲ್ಲ ಸರಿಯಾಯಿತು, ವೈಫೈ ಮಾತ್ರ ಇಲ್ಲ. ವೈಫೈ ಕಾರ್ಡಿನೊಳಗೇ ಓಡುವ ಪ್ರೋಗ್ರಾಮಿನ, ಅಂದರೆ ಫರ್ಮ್‌ವೇರಿನ, ಫೈಲ್ ಸಿಗಲಿಲ್ಲ ಎಂದು ಪರದೆಯಲ್ಲಿ ಬಂತು. "ಮಾವ, ನೆಟ್ಟೇ ಇಲ್ಲದೆ ಆ ಫೈಲ್ ಇಳಿಸುವುದು ಹೇಗೆ?" ಎಂದ. ಕೊನೆಗೆ ಮೊಬೈಲನ್ನು ಯುಎಸ್‌ಬಿ ಕೇಬಲಿಗೆ ಸಿಕ್ಕಿಸಿ ತರಿಸಿಕೊಂಡೆವು.

ಲಿನಕ್ಸ್ ಹಾಕುವ ಡಿಸ್ಕಿನಲ್ಲೇ ಆ ಫೈಲನ್ನೂ ಕೊಡಬಹುದಿತ್ತು, ಅಲ್ವಾ? ಲಿನಕ್ಸ್ ಹಂಚುವುದು ಜಿಪಿಎಲ್ ಎಂಬ ಲೈಸೆನ್ಸಿನ ಷರತ್ತಿನ ಮೇಲೆ: ಪ್ರೋಗ್ರಾಮಿನ ಜೊತೆ ಅದರ ಮೂಲ ಬರಹವನ್ನೂ ಕೊಡಬೇಕು. "ಜಿಪಿಎಲ್ ಲೈಸೆನ್ಸ್ ಅಂಟುರೋಗದ ಹಾಗೆ, ಪಕ್ಕದಲ್ಲಿಟ್ಟದ್ದಕ್ಕೂ ತಗಲುತ್ತದೆ" ಅನ್ನುವವರು ಈಗಲೂ ಸಿಗುತ್ತಾರೆ. ಅದು ತಪ್ಪು. ಬೇರೆಯದೇ ಆದ ಪ್ರೋಗ್ರಾಮನ್ನು ಸುಮ್ನೆ ಒಂದೇ ಡಿಸ್ಕಿನಲ್ಲಿ ಇಟ್ಟ ಮಾತ್ರಕ್ಕೆ ಈ ಲೈಸೆನ್ಸ್ ಅದಕ್ಕೆ ಅನ್ವಯಿಸುವುದಿಲ್ಲ ಎಂದು 1991ರ ಎರಡನೇ ಆವೃತ್ತಿಯಲ್ಲೇ ಬರೆದಿದೆ. ಬಾಳೆ ಎಲೆಯಲ್ಲಿ ಕೋಸಂಬರಿ, ಪಲ್ಯ, ಪಾಯಸ ಅಕ್ಕಪಕ್ಕ ಕೂತಿರುತ್ತವೆ. ಪಾಯಸಕ್ಕೆ ಖಾರ ಬರುವುದಿಲ್ಲ. ಕಾಯಿ, ಮೆಣಸು ಒಟ್ಟಿಗೆ ರುಬ್ಬಿದರೆ ಮಾತು ಬೇರೆ. ವೈಫೈ ಕಾರ್ಡಿನಂಥ ಭಾಗದ ಜೊತೆ ಮಾತಾಡುವ ಡ್ರೈವರ್ ಎಂಬ ಪ್ರೋಗ್ರಾಂ, ಲಿನಕ್ಸಿನ ತಿರುಳಾದ ಕರ್ನಲ್‌ನ ಒಳಗೇ ಸೇರಿ ಓಡುತ್ತದೆ. ಹಾಗಾಗಿಯೇ ಮುಚ್ಚಿದ, ಅಂದರೆ ಮೂಲ ಬರಹ ಕೊಡದ, ಡ್ರೈವರುಗಳ ಬಗೆಗಿನ ಜಗಳ ಇನ್ನೂ ಮುಗಿದಿಲ್ಲ.

ಫರ್ಮ್‌ವೇರ್ ಹಾಗಲ್ಲ. ವೈಫೈ ಕಾರ್ಡಿನಲ್ಲಿ ಅದರದ್ದೇ ಪುಟ್ಟ ಪ್ರೊಸೆಸರ್ ಇದೆ. ಎಷ್ಟೋ ಕಾರ್ಡುಗಳಿಗೆ ಪ್ರೋಗ್ರಾಂ ಉಳಿಸಿಕೊಳ್ಳುವ ಜಾಗವಿಲ್ಲ, ಕರೆಂಟು ಹೋದರೆ ಎಲ್ಲ ಮರೆತೇ ಹೋಯಿತು. ಯಕ್ಷಗಾನದ ವೇಷಧಾರಿ ನೋಡಿ: ನಿನ್ನೆಯ ಬಣ್ಣ ಬೆಳಿಗ್ಗೆಯೇ ತೊಳೆದಾಗಿದೆ, ಇವತ್ತು ಮತ್ತೆ ಚೌಕಿಯಲ್ಲಿ ಕೂತು ಹಚ್ಚಿಕೊಳ್ಳಬೇಕು. ಹಾಗೆಯೇ ಲ್ಯಾಪ್‌ಟಾಪ್ ಹಾಕಿದಾಗಲೆಲ್ಲ ಕರ್ನಲ್ ಆ ಫೈಲನ್ನು ಕಾರ್ಡಿಗೆ ದಾಟಿಸುತ್ತದೆ. ತಾನು ಅದನ್ನು ಓಡಿಸುವುದಿಲ್ಲ. ಅಂಚೆಯಣ್ಣ ಲಕೋಟೆ ಒಡೆಯದೆ ಮನೆಗೆ ಮುಟ್ಟಿಸಿದ ಹಾಗೆ.

ಎಷ್ಟೋ ಕಂಪೆನಿಗಳು ತಮ್ಮ ಫೈಲನ್ನು ಬದಲಿಸದೆ ಹಂಚಲು ಅನುಮತಿ ಕೊಟ್ಟಿವೆ. ಹಾಗಾಗಿ ತಡೆದದ್ದು ಕಾನೂನಿಗಿಂತ ಜಾಸ್ತಿ ಕೊಟ್ಟ ಮಾತು. ನಮ್ಮ ವ್ಯವಸ್ಥೆ ಪೂರ್ತಿ ಸ್ವತಂತ್ರವಾಗಿಯೇ, ಅಂದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚುವ ಹಾಗೆಯೇ ಇರುತ್ತದೆ ಎಂದು, ಡೆಬಿಯನ್ ಎಂಬ ಲಿನಕ್ಸ್ ರೂಪವನ್ನು ಕಟ್ಟುವ ಬಳಗ 1997ರಲ್ಲಿ ಮಾತು ಕೊಟ್ಟಿತು. ಮುಚ್ಚಿದ್ದನ್ನು ಬೇರೆ ಕಪಾಟಿನಲ್ಲಿ ಇಟ್ಟಿತು. 2022ರಲ್ಲಿ ಮತ ಹಾಕಿ ಮನಸ್ಸು ಬದಲಿಸಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರ ಡಿಸ್ಕಿನಲ್ಲಿ ಫರ್ಮ್‌ವೇರ್ ಇದೆ, ಆದರೆ ಪ್ರತ್ಯೇಕ ವಿಭಾಗದಲ್ಲಿ, ಹೆಸರು ಹಚ್ಚಿ.

ನನಗೆ ಇದೇ ಸರಿ ಅನಿಸುತ್ತದೆ. ಅದೇ ಮುಚ್ಚಿದ ಪ್ರೋಗ್ರಾಂ ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಕೂತು ಬಂದರೆ ಯಾರೂ ಕೇಳುವುದಿಲ್ಲ. ಡಿಸ್ಕಿನಲ್ಲಿ ಹೆಸರು ಬರೆದು ಇಟ್ಟರೆ ಕಣ್ಣಿಗಾದರೂ ಕಾಣುತ್ತದೆ.

ಹೊಸ ಡಿಸ್ಕ್ ಹಾಕಿದ ದಿನ ಹುಡುಗ ಪಟ್ಟಿಯಲ್ಲಿ 'ನಾನ್-ಫ್ರೀ-ಫರ್ಮ್‌ವೇರ್' ಎಂಬ ಪದ ನೋಡಿ, ಏನದು ಎಂದು ಕೇಳಿದ. ಫೈಲನ್ನೇ ತೆರೆದು ತೋರಿಸಿದೆ. ಪರದೆ ತುಂಬ ಅರ್ಥವಾಗದ ಚಿಹ್ನೆಗಳು. "ಇದನ್ನು ಬರೆದವರ ಹತ್ತಿರ ಓದಲು ಬರುವಂಥದ್ದು ಇರಬೇಕಲ್ಲ ಮಾವ?" ಎಂದ. ಇದೆ, ನಮಗೆ ಕೊಟ್ಟಿಲ್ಲ ಎಂದೆ.