ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೀಟೋ ಬೇಕೋ ಬೇಡ್ವೋ ಅಂತ ಯಾರೂ ತೀರ್ಮಾನ ಮಾಡ್ಲಿಲ್ಲ

ವಿಶ್ವಸಂಸ್ಥೆಯ ಭದ್ರತಾ ಮಂಡಳಿಲಿ ಇಂಥ ದೇಶ ವೀಟೋ (ಒಂದೇ ದೇಶ ಬೇಡ ಅಂದ್ರೂ ಠರಾವು ಬೀಳೋ ಅಧಿಕಾರ) ಹಾಕ್ತು, ಯುದ್ಧ ನಿಲ್ಲಿಸೋ ಠರಾವು ಬಿದ್ದೋಯ್ತು ಅಂತ ಸುದ್ದಿ ಬಂದಾಗೆಲ್ಲ ನನ್ನ ಜ್ಯೂನಿಯರ್‌ಗಳು ಕೇಳೋ ಪ್ರಶ್ನೆ ಒಂದೇ, "ಸರ್, ಐದೇ ಐದು ದೇಶಕ್ಕೆ ಇಂಥ ಅಧಿಕಾರ ಕೊಡೋಕೆ ಮಿಕ್ಕವ್ರೆಲ್ಲ ಅದ್ಹೇಗೆ ಒಪ್ಕೊಂಡ್ರು?" ಆ ಐದು ಅಂದ್ರೆ ಅಮೆರಿಕಾ, ಬ್ರಿಟನ್, ಸೋವಿಯತ್ (ಈಗ ರಷ್ಯಾ), ಚೀನಾ, ಫ್ರಾನ್ಸ್. ನಾನು ವಕೀಲ, ಈಗ ಕೋರ್ಟಿಗಿಂತ ಜಾಸ್ತಿ ಮೀಡಿಯೇಶನ್ ಕೆಲಸನೇ ಮಾಡ್ತಿರೋದು, ಆಸ್ತಿ ಪಾಲು, ಮುರಿದುಬಿದ್ದ ಪಾರ್ಟ್ನರ್‌ಶಿಪ್, ಇಂಥವು. ಆ ಅನುಭವ ಇಟ್ಕೊಂಡು 1944-45ರ ವಿಶ್ವಸಂಸ್ಥೆ ಮಾತುಕತೆ ಓದಿದ್ರೆ ಒಂದು ವಿಷಯ ಎದ್ದು ಕಾಣುತ್ತೆ. ವೀಟೋ ಇರ್ಬೇಕಾ ಅಂತ ಕೇಳಿದ್ರೆ ಆ ಸಂಸ್ಥೆ ಹುಟ್ತಾನೇ ಇರ್ಲಿಲ್ಲ. ಅದಕ್ಕೇ ಆ ಪ್ರಶ್ನೆನ ಕತ್ತರಿಸ್ತಾ ಕತ್ತರಿಸ್ತಾ ಹೋದ್ರು, ಯಾವ ಯಾವ ವಿಷಯಕ್ಕೆ ವೀಟೋ, ಯಾವುದಕ್ಕೆ ಬೇಡ ಅನ್ನೋ ಮಟ್ಟಕ್ಕೆ ಇಳಿಸಿದ್ರು, ಒಪ್ಪಂದ ಸಾಧ್ಯ ಆಗಿದ್ದು ಅಲ್ಲಿ.

ಮೊದಲ ಮಹಾಯುದ್ಧ ಆದ್ಮೇಲೆ ಕಟ್ಟಿದ್ದ ಇಂಥದೇ ಸಂಸ್ಥೆ ಲೀಗ್ ಆಫ್ ನೇಷನ್ಸ್ ಯಾಕೆ ಬಿತ್ತು ಅನ್ನೋದು ಇವರೆಲ್ಲರ ತಲೇಲಿ ಇತ್ತು. 1919ರ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಅಮೆರಿಕಾ ಅಧ್ಯಕ್ಷ ವಿಲ್ಸನ್ ಹೋಗುವಾಗ ತನ್ನ ನಿಯೋಗದಲ್ಲಿ ಒಬ್ಬ ಸೆನೆಟರ್‌ನೂ ಕರ್ಕೊಂಡು ಹೋಗಿರ್ಲಿಲ್ಲ, ವಾಪಸ್ ಬಂದು ಸೆನೆಟ್ ಮುಂದೆ ಒಪ್ಪಂದ ಇಟ್ರೆ ಅವರು ಒಪ್ಪಲಿಲ್ಲ, ತಾನೇ ಕಟ್ಟಿಸಿದ ಲೀಗ್‌ಗೆ ಅಮೆರಿಕಾ ಸೇರಲೇ ಇಲ್ಲ. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನಕ್ಕೆ ಹೋದ ಅಮೆರಿಕಾ ನಿಯೋಗದಲ್ಲಿ ಡೆಮಾಕ್ರಟ್ ಸೆನೆಟರ್ ಟಾಮ್ ಕೊನಲಿ, ರಿಪಬ್ಲಿಕನ್ ಸೆನೆಟರ್ ಆರ್ಥರ್ ವ್ಯಾಂಡನ್‌ಬರ್ಗ್ ಇಬ್ರೂ ಇದ್ರು, ಆ ಜುಲೈನಲ್ಲಿ ಸೆನೆಟ್ 89-2 ಓಟಿನಲ್ಲಿ ಚಾರ್ಟರ್, ಅಂದ್ರೆ ವಿಶ್ವಸಂಸ್ಥೆಯ ಮೂಲ ಒಪ್ಪಂದ, ಪಾಸ್ ಮಾಡ್ತು. ಕೊನೇಲಿ ಸಹಿ ಹಾಕೋರು ಯಾರೋ ಅವರು ಮೊದಲ ದಿನದಿಂದ ರೂಮಲ್ಲಿ ಇರ್ಬೇಕು, ಅಣ್ಣತಮ್ಮಂದಿರ ಕೇಸಲ್ಲೂ ನಾನು ಮೊದಲು ವಿಚಾರಿಸೋದು ಇದನ್ನೇ.

ಅಸಲಿ ಚೌಕಾಸಿ ಶುರುವಾಗಿದ್ದು ವಾಷಿಂಗ್ಟನ್‌ನ ಡಂಬಾರ್ಟನ್ ಓಕ್ಸ್ ಅನ್ನೋ ಬಂಗಲೆಯಲ್ಲಿ, 1944ರ ಆಗಸ್ಟ್ 21ಕ್ಕೆ. ಅಮೆರಿಕಾ ಕಡೆಯಿಂದ ಸ್ಟೆಟಿನಿಯಸ್, ಬ್ರಿಟನ್ ಕಡೆಯಿಂದ ಕ್ಯಾಡೊಗನ್, ಸೋವಿಯತ್ ಕಡೆಯಿಂದ ಆಗಿನ್ನೂ 35 ವರ್ಷದ ಗ್ರೊಮಿಕೊ. ಚೀನಾದವ್ರನ್ನ ಇವರ ಜೊತೆ ಕೂರಿಸೋ ಹಾಗಿರ್ಲಿಲ್ಲ, ಯಾಕಂದ್ರೆ ಚೀನಾ ಆಗ ಜಪಾನ್ ಜೊತೆ ಯುದ್ಧದಲ್ಲಿತ್ತು, ಸೋವಿಯತ್ ಇರ್ಲಿಲ್ಲ, ಹಾಗಾಗಿ ಸೋವಿಯತ್‌ನವ್ರು ಎದ್ದು ಹೋದ ಮೇಲೆ ಚೀನಾ ಜೊತೆ ಬೇರೆ ಸುತ್ತು ಮಾಡಿ ಅಕ್ಟೋಬರ್ 7ಕ್ಕೆ ಮುಗಿಸಿದ್ರು. ಒಂದೇ ಟೇಬಲ್ಲಿಗೆ ಬರದವ್ರನ್ನ ಬೇರೆ ಬೇರೆ ರೂಮಲ್ಲಿ ಕೂರಿಸಿ ಮಾತಾಡ್ಸೋದು ನಮ್ಮ ಕೆಲಸದಲ್ಲಿ ದಿನಾ ನಡೆಯೋದೇ.

ಅಲ್ಲಿ ಮುಕ್ಕಾಲು ಪಾಲು ವಿಷಯ ಬೇಗ ಬಗೆಹರೀತು. ಎಲ್ಲ ಸದಸ್ಯ ದೇಶಗಳೂ ಕೂರೋ ಮಹಾಸಭೆ ಇರ್ಬೇಕು, ಹನ್ನೊಂದು ಜನರ ಭದ್ರತಾ ಮಂಡಳಿ ಇರ್ಬೇಕು, ದೊಡ್ಡ ದೇಶಗಳಿಗೆ ಖಾಯಂ ಸೀಟು ಇರ್ಬೇಕು, ಇದ್ಯಾವುದಕ್ಕೂ ಹೆಚ್ಚು ಜಗಳ ಇಲ್ಲ. ಸಿಕ್ಕಿಕೊಂಡಿದ್ದು ಒಂದೇ ಕಡೆ, ಖಾಯಂ ಸದಸ್ಯ ದೇಶವೇ ಜಗಳದ ಪಾರ್ಟಿ ಆಗಿದ್ರೆ ಅದು ಓಟು ಹಾಕಬಹುದಾ? ಬ್ರಿಟನ್ ಬೇಡ ಅಂತು, ಅಮೆರಿಕಾ ಸ್ವಲ್ಪ ಅತ್ತಿತ್ತ ನೋಡಿ ಅದೂ ಬೇಡ ಅಂತು, ಗ್ರೊಮಿಕೊ ಮಾತ್ರ ಹಾಕ್ಲೇಬೇಕು ಅಂತ ಕೂತ್ಬಿಟ್ರು. ಅಮೆರಿಕಾ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಬೆಳಗ್ಗೆ ಅವರನ್ನ ತಮ್ಮ ಬೆಡ್‌ರೂಮಿಗೇ ಕರೆಸಿ, ನಮ್ಮಲ್ಲಿ ಗಂಡ ಹೆಂಡ್ತಿ ಜಗಳ ಆಡಿದ್ರೆ ಇಬ್ರಿಗೂ ತಮ್ಮ ಕತೆ ಹೇಳ್ಕೊಳೋ ಅವಕಾಶ ಇದೆ, ತಮ್ಮ ಕೇಸಲ್ಲಿ ತಾವೇ ಓಟು ಹಾಕೋ ಹಾಗಿಲ್ಲ ಅಂತ ಬಿಡಿಸಿ ಹೇಳಿದ್ರು, ಗ್ರೊಮಿಕೊ ಅಲ್ಲಾಡ್ಲಿಲ್ಲ. ಇದು ಬರೀ ಹಠ ಅಂತ ಬರೆಯೋರಿದ್ದಾರೆ, ನನಗೆ ಹಾಗನ್ಸಲ್ಲ. ಫಿನ್ಲೆಂಡ್ ಮೇಲೆ ದಾಳಿ ಮಾಡಿದ್ದಕ್ಕೆ 1939ರ ಡಿಸೆಂಬರ್‌ನಲ್ಲಿ ಲೀಗ್‌ನಿಂದ ಹೊರಗೆ ಹಾಕಿಸ್ಕೊಂಡ ದೇಶ ಅದು, ದಾಳಿ ತಪ್ಪೇ, ಆದ್ರೆ ಮತ್ತೆ ಅಂಥದೇ ಮನೆ ಒಳಗೆ ಕಾಲಿಡೋ ಮೊದಲು ಬಹುಮತದ ಎದುರು ನನ್ನ ರಕ್ಷಣೆ ಏನು ಅಂತ ಕೇಳೋದು ಸಹಜ. ಎದುರಿಗಿರೋನ ಭಯ ಏನು ಅಂತ ಗೊತ್ತಾಗದೆ ಅವನ ಡಿಮ್ಯಾಂಡ್ ಮಾತ್ರ ಬರ್ಕೊಂಡ್ರೆ ಮಾತುಕತೆ ಮುಂದಕ್ಕೆ ಹೋಗಲ್ಲ.

ಅಷ್ಟರಲ್ಲಿ ಗ್ರೊಮಿಕೊ ಇನ್ನೊಂದು ಬೇಡಿಕೆ ಇಟ್ರು, ಸೋವಿಯತ್ತಿನ 16 ಗಣರಾಜ್ಯಗಳಿಗೂ ಒಂದೊಂದು ಸದಸ್ಯತ್ವ ಕೊಡಿ ಅಂತ. ಬ್ರಿಟನ್ ಕಡೆ ಕೆನಡಾ, ಆಸ್ಟ್ರೇಲಿಯಾ, ಇನ್ನೂ ಸ್ವಾತಂತ್ರ್ಯ ಸಿಗದ ಭಾರತ, ಇಷ್ಟೆಲ್ಲ ಓಟು ಇರುವಾಗ ನಮಗೊಂದೇನಾ ಅನ್ನೋದು ಅವರ ಲೆಕ್ಕ. ಅಮೆರಿಕಾದವ್ರು ಗಾಬರಿಯಾಗಿ ಈ ವಿಷಯ ಹೊರಗೆ ಹೋಗದ ಹಾಗೆ ಗುಟ್ಟಾಗಿಟ್ರು, ತಮ್ಮೊಳಗೇ "ಎಕ್ಸ್ ಮ್ಯಾಟರ್" ಅಂತ ಕರೀತಿದ್ರು. ಕೊನೆಗೆ ಏನು ಮಾಡಿದ್ರು ಅಂದ್ರೆ, ಒಪ್ಪಿದ್ದನ್ನೆಲ್ಲ ಪ್ರಕಟಿಸಿದ್ರು, ಭದ್ರತಾ ಮಂಡಳಿ ಮತದಾನದ ಜಾಗದಲ್ಲಿ ಇದು ಇನ್ನೂ ಪರಿಶೀಲನೆಯಲ್ಲಿದೆ ಅಂತ ಬರೆದು ಖಾಲಿ ಬಿಟ್ರು. ನನ್ನ ಲೆಕ್ಕದಲ್ಲಿ ಇಡೀ ಮಾತುಕತೆಯ ಅತ್ಯಂತ ಬುದ್ಧಿವಂತ ಕೆಲಸ ಇದು, ಒಂದು ಕಲಮಿಗೋಸ್ಕರ ಮಿಕ್ಕ ಒಪ್ಪಂದನೆಲ್ಲ ಹರಿದು ಹಾಕ್ಲಿಲ್ಲ.

ಆ ಖಾಲಿ ಜಾಗ ತುಂಬಿದ್ದು 1945ರ ಫೆಬ್ರವರಿಲಿ ಯಾಲ್ಟಾದಲ್ಲಿ, ರೂಸ್‌ವೆಲ್ಟ್, ಚರ್ಚಿಲ್, ಸೋವಿಯತ್ ನಾಯಕ ಸ್ಟಾಲಿನ್ ಮೂವರೂ ಕೂತ ಸಭೇಲಿ. ಅಮೆರಿಕಾ ತಂದ ಸೂತ್ರ ಓಟನ್ನ ಮೂರು ಭಾಗ ಮಾಡ್ತು. ಬರೀ ಕಾರ್ಯವಿಧಾನದ ವಿಷಯ ಆದ್ರೆ ಹನ್ನೊಂದರಲ್ಲಿ ಯಾವುದೇ ಏಳು ಓಟು ಸಾಕು, ವೀಟೋ ಇಲ್ಲ. ಜಗಳನ ಶಾಂತಿಯಿಂದ ಬಗೆಹರಿಸೋ ವಿಷಯ ಆದ್ರೆ ವೀಟೋ ಇದೆ, ಆದ್ರೆ ಜಗಳದ ಪಾರ್ಟಿ ಆಗಿರೋ ದೇಶ ಓಟು ಹಾಕೋ ಹಾಗಿಲ್ಲ. ದಿಗ್ಬಂಧನ, ಸೈನ್ಯ ಕಳ್ಸೋದು ಇಂಥದಕ್ಕೆಲ್ಲ ಪೂರ್ತಿ ವೀಟೋ, ಪಾರ್ಟಿ ಆಗಿದ್ರೂ ಸರಿ. ರೂಸ್‌ವೆಲ್ಟ್ ಹೇಳಿದ ಗಂಡ ಹೆಂಡ್ತಿ ನ್ಯಾಯ ನಡುವಿನ ಭಾಗಕ್ಕೆ ಸಿಕ್ತು, ಸ್ಟಾಲಿನ್‌ಗೆ ಬೇಕಾದ ರಕ್ಷಣೆ ಕೊನೇ ಭಾಗಕ್ಕೆ ಸಿಕ್ತು. ಸೂತ್ರ ಮುಂದಿಟ್ಟ ಮರುದಿನ ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ಒಪ್ಕೊಂಡ್ರು, ಅದರ ಜೊತೆಗೇ 16 ಗಣರಾಜ್ಯ ಅನ್ನೋದನ್ನ ಮೂರು ಇಲ್ಲಾಂದ್ರೆ ಎರಡಕ್ಕೆ ಇಳಿಸಿದ್ರು, ಉಕ್ರೇನ್ ಮತ್ತು ಬೆಲೊರಷ್ಯಾಗೆ ಸೀಟು ಸಿಕ್ತು.

ಏಪ್ರಿಲ್ 12ಕ್ಕೆ ರೂಸ್‌ವೆಲ್ಟ್ ತೀರ್ಕೊಂಡ್ರು. ಚಾರ್ಟರ್ ಬರೆಯೋ ಸಮ್ಮೇಳನ ಮುಂದಕ್ಕೆ ಹಾಕಲ್ಲ ಅಂತ ಅವರ ಜಾಗಕ್ಕೆ ಬಂದ ಟ್ರೂಮನ್ ತಕ್ಷಣ ಹೇಳಿದ್ರು, ಏಪ್ರಿಲ್ 25ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಯ್ತು, 50 ದೇಶ, ನಾಲ್ಕು ಆಯೋಗ, ಹನ್ನೆರಡು ಕಮಿಟಿ, ಪ್ರತಿ ಕಲಮಿಗೂ ಮೂರನೇ ಎರಡು ಬಹುಮತ ಬೇಕು. ಯಾಲ್ಟಾ ಸೂತ್ರ ನೋಡಿ ಸಣ್ಣ ದೇಶಗಳು ಸಿಟ್ಟಾದ್ವು, ಆಗ್ಲೇಬೇಕಿತ್ತು ಕೂಡ, ಇದನ್ನ ಬರೆಯುವಾಗ ಅವರನ್ನ ಯಾರೂ ಕೇಳಿರ್ಲಿಲ್ಲ. ಮುಂದೆ ನಿಂತಿದ್ದು ಆಸ್ಟ್ರೇಲಿಯಾದ ವಿದೇಶಾಂಗ ಮಂತ್ರಿ ಎವಾಟ್, ನ್ಯೂಜಿಲೆಂಡಿನ ಪ್ರಧಾನಿ ಫ್ರೇಜರ್. ಬರೀ ಭಾಷಣ ಮಾಡದೆ ಇವರ ಕಡೆಯವ್ರು 23 ಪ್ರಶ್ನೆಗಳ ಪಟ್ಟಿ ಮಾಡಿ ದೊಡ್ಡವರ ಕೈಗೆ ಕೊಟ್ರು, ಇಂಥ ಸಂದರ್ಭ ಬಂದ್ರೆ ವೀಟೋ ನಡೆಯುತ್ತಾ, ಹೀಗಾದ್ರೆ ನಡೆಯುತ್ತಾ ಅಂತ. ಉತ್ತರ ಬರೆಯೋಕೆ ಕೂತಾಗ ದೊಡ್ಡವರಿಗೇ ಗೊತ್ತಾಯ್ತು, ಯಾಲ್ಟಾದಲ್ಲಿ ಒಪ್ಪಿದ ಅದೇ ವಾಕ್ಯನ ಒಬ್ಬೊಬ್ರು ಒಂದೊಂದು ಥರ ಓದ್ತಿದ್ದಾರೆ ಅಂತ. ಜೂನ್ ಶುರುವಲ್ಲಿ ಗ್ರೊಮಿಕೊ ಹೇಳ್ಬಿಟ್ರು, ಒಂದು ಜಗಳದ ಬಗ್ಗೆ ಚರ್ಚೆ ಮಾಡ್ಬೇಕಾ ಬೇಡ್ವಾ ಅನ್ನೋದಕ್ಕೂ ನಮ್ಮ ಒಪ್ಪಿಗೆ ಬೇಕು ಅಂತ. ಅಂದ್ರೆ ದೂರು ಓದೋಕೂ ಬಿಡಲ್ಲ ಅಂದಂಗಾಯ್ತು. ಸಮ್ಮೇಳನ ಒಡೆಯೋ ಹಂತಕ್ಕೆ ಬಂತು.

ಆಗ ಸ್ಟೆಟಿನಿಯಸ್ ಮಾಡಿದ್ದು ನಾವು ಮೀಡಿಯೇಟರ್‌ಗಳು ಗಮನಿಸ್ಬೇಕಾದ್ದು. ಗ್ರೊಮಿಕೊಗೆ ಮಾಸ್ಕೋದಿಂದ ಬಂದ ಸೂಚನೆ ಬಿಟ್ಟು ಒಂದಿಂಚೂ ಕದಲೋ ಅಧಿಕಾರ ಇಲ್ಲ, ಅವರ ಜೊತೆ ವಾದ ಮಾಡಿ ಏನೂ ಉಪಯೋಗ ಇಲ್ಲ, ಹಾಗಾಗಿ ವಿಷಯನ ನೇರ ಸ್ಟಾಲಿನ್ ಹತ್ರ ತಗೊಂಡು ಹೋಗೋ ದಾರಿ ಹುಡುಕಿದ್ರು. ಟ್ರೂಮನ್ ಕಳಿಸಿದ್ದ ಹ್ಯಾರಿ ಹಾಪ್ಕಿನ್ಸ್ ಆಗ ಮಾಸ್ಕೋದಲ್ಲೇ ಇದ್ರು, ಕಾಯಿಲೆ ಮನುಷ್ಯ, ಮುಂದಿನ ಜನವರಿಗೆ ತೀರ್ಕೊಂಡ್ರು. ಜೂನ್ 6ಕ್ಕೆ ಅವರು ಸ್ಟಾಲಿನ್ ಮುಂದೆ ಇದನ್ನ ಇಟ್ಟಾಗ, ಇದೇನು ದೊಡ್ಡ ವಿಷಯ ಅಲ್ಲ ಅಂತ ಸ್ಟಾಲಿನ್ ಮೊಲೊಟೊವ್‌ನ ಪಕ್ಕಕ್ಕೆ ಸರಿಸಿ ಅಮೆರಿಕಾದ ಅರ್ಥನೇ ಒಪ್ಕೊಂಡ್ರು. ಜೂನ್ 7ಕ್ಕೆ ಜಂಟಿ ಹೇಳಿಕೆ ಬಂತು, ಚರ್ಚೆನ ಯಾರೂ ಒಬ್ರೇ ತಡೆಯೋ ಹಾಗಿಲ್ಲ. ಆದ್ರೆ ಅದೇ ಹೇಳಿಕೇಲಿ ಇನ್ನೊಂದು ಸಾಲೂ ಇತ್ತು, ಒಂದು ವಿಷಯ ಬರೀ ಕಾರ್ಯವಿಧಾನದ್ದಾ ಅಲ್ವಾ ಅಂತ ತೀರ್ಮಾನ ಮಾಡೋ ಓಟಿಗೂ ವೀಟೋ ಇದೆ ಅಂತ. ಬಾಗಿಲು ತೆಗೆದು ಚಿಲಕ ಒಳಗಡೆನೇ ಇಟ್ಕೊಂಡಂಗೆ. ನಾನು ಡ್ರಾಫ್ಟ್ ಓದೋವಾಗ ಇಂಥ ಸಾಲಿಗೇ ಮೊದಲು ಕೈ ಹಾಕೋದು.

ಎವಾಟ್ ಅಷ್ಟಕ್ಕೆ ಬಿಡ್ಲಿಲ್ಲ. ಶಾಂತಿಯಿಂದ ಬಗೆಹರಿಸೋ ಕ್ರಮಗಳಿಗೆ ವೀಟೋ ಬೇಡ ಅಂತ ತಿದ್ದುಪಡಿ ಓಟಿಗೆ ಹಾಕಿಸಿದ್ರು. ಕೊನಲಿ ಎದ್ದು, ವೀಟೋ ಸೋಲಿಸಿದ್ವಿ ಅಂತ ನೀವು ಊರಿಗೆ ಹೋಗಿ ಹೇಳ್ಬಹುದು, ಆದ್ರೆ ಚಾರ್ಟರ್ ಹರಿದು ಹಾಕಿದ್ವಿ ಅಂತಾನೂ ಹೇಳ್ಬೇಕಾಗುತ್ತೆ ಅನ್ನೋ ಅರ್ಥದಲ್ಲಿ ಮಾತಾಡಿ ಕೈಲಿದ್ದ ಡ್ರಾಫ್ಟ್‌ನ ಎಲ್ಲರ ಮುಂದೆ ಹರಿದು ಎಸೆದ್ರು. ಓಟು ಬಿದ್ದಿದ್ದು ಪರ 10, ವಿರೋಧ 20, ತಟಸ್ಥ 15. ಆ ಹದಿನೈದನ್ನ ನೋಡಿ. ವೀಟೋ ಸರಿ ಅಂತ ಕೈ ಎತ್ತಲಿಲ್ಲ, ಸಂಸ್ಥೆ ಮುರಿಯೋ ಜವಾಬ್ದಾರಿನೂ ಹೊರಲಿಲ್ಲ. ನನ್ನ ಜ್ಯೂನಿಯರ್‌ಗಳ ಪ್ರಶ್ನೆಗೆ ಉತ್ತರ ಆ ಹದಿನೈದು ಓಟಲ್ಲೇ ಇದೆ, ಒಪ್ಪಿಗೆ ಅನ್ನೋದಕ್ಕಿಂತ ಬೇರೆ ದಾರಿ ಇಲ್ಲದೆ ಸುಮ್ಮನಿದ್ದಿದ್ದು ಅನ್ಬೇಕು.

ಅಲ್ಲಿ ಸೋತವ್ರು ಬೇರೆ ಕಡೆ ಗೆದ್ರು ಅನ್ನೋದನ್ನ ಮಾತ್ರ ಜನ ಮರೀತಾರೆ. ಚಾರ್ಟರ್ ವ್ಯಾಪ್ತಿಯ ಯಾವ ವಿಷಯನಾದ್ರೂ ಮಹಾಸಭೆ ಚರ್ಚೆ ಮಾಡಬಹುದು ಅನ್ನೋ 10ನೇ ವಿಧಿ ಎವಾಟ್ ಕೊನೇ ವಾರದವರೆಗೂ ಜಗ್ಗಾಡಿ ಪಡ್ಕೊಂಡಿದ್ದು. ಆತ್ಮರಕ್ಷಣೆಯ 51ನೇ ವಿಧಿ ಲ್ಯಾಟಿನ್ ಅಮೆರಿಕಾ ದೇಶಗಳ ಒತ್ತಡಕ್ಕೆ ಬಂದಿದ್ದು. ಡಂಬಾರ್ಟನ್ ಓಕ್ಸ್ ಕರಡಲ್ಲಿ ಪ್ರಧಾನ ಅಂಗಗಳ ಪಟ್ಟಿಲೇ ಇಲ್ಲದಿದ್ದ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಇಲ್ಲಿ ಪ್ರಧಾನ ಅಂಗ ಆಯ್ತು. ಆ ಕಮಿಟಿ ಅಧ್ಯಕ್ಷರಾಗಿದ್ದು ಭಾರತದ ನಿಯೋಗದ ಮುಖ್ಯಸ್ಥ ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್, 1946ರಲ್ಲಿ ಆ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ. ಅದೇ ವರ್ಷ ಮೈಸೂರಿನ ದಿವಾನರಾಗಿ ಬಂದ್ರು, ನಮ್ಮ ಕಡೆ ಹಿರಿಯರಿಗೆ ಅವರ ನೆನಪು 1947ರ ಮೈಸೂರು ಚಲೋ ಚಳವಳಿಯ "ಆರ್ಕಾಟ್ ಬಾಯ್ಕಾಟ್" ಘೋಷಣೆ ಜೊತೆಗೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಅವರ ನಿಯೋಗ ಬ್ರಿಟಿಷ್ ಸರ್ಕಾರ ನೇಮಿಸಿದ್ದು, ಅವರು ನಮ್ಮ ಜನರ ಪ್ರತಿನಿಧಿಗಳಲ್ಲ ಅಂತ ಹೊರಗೆ ನಿಂತು ಪತ್ರಕರ್ತರಿಗೆ ಹೇಳ್ತಿದ್ದವ್ರು ವಿಜಯಲಕ್ಷ್ಮಿ ಪಂಡಿತ್. ಅವರ ಮಾತು ಸರಿ ಇತ್ತು. ಮೊದಲಿಯಾರ್ ಕಮಿಟಿಲಿ ಮಾಡಿದ ಕೆಲಸ ಇವತ್ತಿಗೂ ಉಳಿದಿದೆ, ಅದೂ ನಿಜ. 1953ರಲ್ಲಿ ಮಹಾಸಭೆಯ ಮೊದಲ ಮಹಿಳಾ ಅಧ್ಯಕ್ಷೆ ಆಗಿದ್ದು ಅದೇ ವಿಜಯಲಕ್ಷ್ಮಿ.

ಜೂನ್ 26ಕ್ಕೆ ಸಹಿ ಆಯ್ತು, ಅಕ್ಟೋಬರ್ 24ಕ್ಕೆ ಜಾರಿಗೆ ಬಂತು. ಸಣ್ಣ ದೇಶಗಳ ಸಮಾಧಾನಕ್ಕೆ ಕೊನೇಲಿ ಒಂದು ಭರವಸೆನೂ ಬರೆದ್ರು, 109ನೇ ವಿಧಿ, ಹತ್ತು ವರ್ಷದೊಳಗೆ ಚಾರ್ಟರ್ ಪರಿಶೀಲನೆಗೆ ಸಮ್ಮೇಳನ ನಡೀದಿದ್ರೆ ಮಹಾಸಭೆಯ 10ನೇ ಅಧಿವೇಶನದ ಅಜೆಂಡಾಕ್ಕೆ ಆ ವಿಷಯ ಬರ್ಬೇಕು ಅಂತ. 1955ರಲ್ಲಿ ಬಂತು, ಸೂಕ್ತ ಸಮಯದಲ್ಲಿ ಮಾಡೋಣ ಅಂದ್ರು, ಇವತ್ತಿನವರೆಗೂ ಆ ಸಮ್ಮೇಳನ ನಡೆದಿಲ್ಲ. ನಡೆದು ತಿದ್ದುಪಡಿ ಪಾಸಾದ್ರೂ ಅದು ಜಾರಿಗೆ ಬರೋಕೆ ಐದೂ ಖಾಯಂ ಸದಸ್ಯರು ಅನುಮೋದಿಸ್ಬೇಕು. ಮಂಡಳಿನ ಹನ್ನೊಂದರಿಂದ ಹದಿನೈದಕ್ಕೆ ಏರಿಸಿದ 1965ರ ಬದಲಾವಣೆಗೆ ಐದೂ ದೇಶ ಸಹಿ ಹಾಕಿದ್ವು, ಅದರಲ್ಲಿ ಅವರ ವೀಟೋವನ್ನ ಯಾರೂ ಮುಟ್ಟಿರ್ಲಿಲ್ಲ. ಭಾರತ ಖಾಯಂ ಸೀಟು ಕೇಳ್ತಿರೋದು ಇದೇ ಬಾಗಿಲಲ್ಲಿ ನಿಂತು. ಹಾಗಾಗಿ ಈ ಬಗ್ಗೆ ಬರೋ ಯಾವುದೇ ಪ್ರಸ್ತಾಪ ಓದುವಾಗ ಎಷ್ಟು ದೇಶ ಬೆಂಬಲಿಸ್ತು ಅನ್ನೋದಕ್ಕಿಂತ ಮೊದಲು ನಾನು ಹುಡುಕೋದು, ಹೊಸಬರಿಗೆ ವೀಟೋ ಕೇಳಿದ್ದಾರಾ, ಈಗಾಗ್ಲೇ ಇರೋರ ವೀಟೋ ಬಗ್ಗೆ ಏನು ಬರೆದಿದ್ದಾರೆ ಅನ್ನೋದನ್ನ.